ಟೀಚರಮ್ಮ ಕತ್ತರಿ ಕೈಬಿಟ್ಟದ್ದು

ಹೊಲಿಗೆ ಟೀಚರಮ್ಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮುಖವನ್ನಲ್ಲ, ಅಂಚನ್ನು. ಅಂಗಿಯ ಅಂಚು, ಪರದೆಯ ಅಂಚು, ದಿಂಬಿನ ಚೀಲದ ಅಂಚು. ಬಾಯಿ "ಚೆನ್ನಾಗಿದೀರಾ?" ಅನ್ನುತ್ತಿರುವಾಗಲೇ ಕೈ ಹೋಗಿ ಅಂಚನ್ನು ಮಗುಚಿ ನೋಡಿಬಿಡುತ್ತಿತ್ತು. ಒಂದು ಸಲ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ನಾಡಿ ಹಿಡಿದು ಕೂತಿದ್ದರೆ, ಇವಳು ಅವರ ಬಿಳಿ ಕೋಟಿನ ತೋಳು ಹಿಡಿದು, "ಇದನ್ನ ಯಾರು ಹೊಲಿದಿದ್ದು ಸ್ವಾಮಿ? ಕಂಕುಳಲ್ಲಿ ಹಿಡಿಯಲ್ವಾ?" ಎಂದಳಂತೆ. ಹಿಡಿಯುತ್ತೆ ಅಂತ ಡಾಕ್ಟರು ಒಪ್ಪಿಕೊಂಡರಂತೆ, ಪಾಪ. ಜ್ವರದ ಮಾತು ಅಲ್ಲಿಗೇ ನಿಂತಿತು.

ಅವಳು ಹೊಲಿಗೆ ಕಲಿಸುವ ಕೇಂದ್ರ ಇದ್ದದ್ದು ಶಾಲೆಯ ಹಿಂದೆ. ಮೊದಲು ಗೊಬ್ಬರದ ಚೀಲ ತುಂಬಿಡುತ್ತಿದ್ದ ಉದ್ದನೆಯ ಕೋಣೆ. ಅದನ್ನು ಹೆಂಗಸರ ಸಂಘದವರು ತೊಳೆದು, ಸುಣ್ಣ ಬಳಿದು, ಎಂಟು ಹೊಲಿಗೆ ಮೇಷಿನು ಇಟ್ಟರು. ಬಾಗಿಲ ಎದುರಿಗೆ ಒಂದು ದೊಡ್ಡ ಮರದ ಮೇಜು. ಗೋಡೆಗೆ ಆಳೆತ್ತರದ ಕನ್ನಡಿ. ಆ ಕನ್ನಡಿಗಾಗಿ ಟೀಚರಮ್ಮ ಸಂಘದ ಮೇಲಿನವರ ಜೊತೆ ಒಂದು ವರ್ಷ ಗುದ್ದಾಡಿದ್ದಳು. "ಹೊಲಿಯೋಕೆ ಕನ್ನಡಿ ಯಾಕಮ್ಮ?" ಅಂದರೆ, "ಹೊಲಿದಿದ್ದನ್ನ ಹಾಕ್ಕೊಂಡು ನೋಡ್ಕೊಳ್ಳೋಕೆ. ನಮ್ಮ ಹೆಂಗಸರು ತಲೆಯಿಂದ ಕಾಲಿನ ತನಕ ತಮ್ಮನ್ನ ತಾವು ಯಾವತ್ತು ನೋಡ್ಕೊಂಡಿದಾರೆ ಹೇಳಿ?" ಅನ್ನುತ್ತಿದ್ದಳು. ಕನ್ನಡಿ ಬಂದ ದಿನ ಒಬ್ಬರೂ ಹೊಲಿಯಲಿಲ್ಲ, ಬರೀ ತಿರುಗಿ ತಿರುಗಿ ನೋಡಿಕೊಂಡದ್ದೇ ಆಯಿತು. ಅದಿರಲಿ, ಕನ್ನಡಿಯ ಹಿಂದೆ ಹೋದರೆ ಕತ್ತರಿಯ ಮಾತು ಉಳಿದುಹೋಗುತ್ತದೆ.

ಕತ್ತರಿ ಅಂದರೆ ಅಂಥಿಂಥ ಕತ್ತರಿಯಲ್ಲ. ಎತ್ತಿದರೆ ಮಣಿಕಟ್ಟು ಜಗ್ಗುವಷ್ಟು ಭಾರ. ಹೆಬ್ಬೆರಳು ತೂರಿಸುವ ಕಡೆ ಮೆತ್ತನೆಯ ಬಟ್ಟೆಯ ಪಟ್ಟಿ ಸುತ್ತಿದ್ದಳು. ಅದರಲ್ಲಿ ಕಾಗದ ಕತ್ತರಿಸಿಕೊಡಿ ಅಂತ ಯಾರಾದರೂ ಕೇಳಿದರೂ ಸಾಕು, ಅಲಗು ಮೊಂಡಾಗುತ್ತದೆ ಅಂತ ಆ ದಿನವೆಲ್ಲ ರಂಪ. ಒಂಬತ್ತು ವರ್ಷ ಆ ಕತ್ತರಿ ಅವಳ ಕೈ ಬಿಟ್ಟು ಬೇರೆ ಕೈ ಕಂಡಿರಲಿಲ್ಲ. ಬೆಳಿಗ್ಗೆ ಹೆಂಗಸರು ಬರುವಷ್ಟರಲ್ಲಿ ಅವಳು ಮೇಜಿನ ಮೇಲೆ ಬಟ್ಟೆ ಹಾಸಿ, ಗುರುತು ಹಾಕಿ, ಕರಕರ ಕತ್ತರಿಸಿ ಇಡುವಳು. ಬೆನ್ನು ಒಂದು ಕಡೆ, ಎದೆ ಒಂದು ಕಡೆ, ತೋಳು ಒಂದು ಕಡೆ. ಅವರು ಕೂತು ಹೊಲಿಯುವರು. ಹೀಗೆ ನೂರಾರು ಹೆಂಗಸರು ಕಲಿತರು. ಕಲಿತು ಮುಗಿಸಿದವರಿಗೆ ಸಂಘದಿಂದ ಒಂದೊಂದು ಮೇಷಿನು ಮನೆಗೆ ಹೋಗುತ್ತಿತ್ತು.

ಕತ್ತರಿ ಕೊಡದಿದ್ದದ್ದು ಜಿಪುಣತನದಿಂದ ಅಂದುಕೊಳ್ಳಬೇಡಿ. ಹದಿನಾರರ ವಯಸ್ಸಿನಲ್ಲಿ ಅವಳು ಸೋದರಮಾವನ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕಲು ಕೂರುತ್ತಿದ್ದಳು. ಕತ್ತರಿಸುವುದು ಗಂಡಸರ ಕೆಲಸ, ಗುಂಡಿ ಹಾಕುವುದು ಹೆಣ್ಣುಮಕ್ಕಳ ಕೆಲಸ ಅಂತ ಅಲ್ಲಿಯ ಕಟ್ಟಳೆ. ಮಾವ ಊಟಕ್ಕೆ ಹೋದಾಗ ಒಂದು ದಿನ ಕೈ ತಡೆಯದೆ ಯಾರದೋ ಪ್ಯಾಂಟಿನ ಬಟ್ಟೆಗೆ ಕತ್ತರಿ ಹಾಕಿದಳು. ಒಂದು ಕಾಲು ಗೇಣುದ್ದ ಮೋಟಾಯಿತು. ಮಾವ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ, ಆ ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸಿದ. ಅವಳು ಆವತ್ತೇ ಅಂದುಕೊಂಡಿದ್ದಳು, ನನ್ನ ಕೈಕೆಳಗೆ ಬರುವ ಯಾವ ಹುಡುಗಿಗೂ ಇಂಥ ಅವಮಾನ ಆಗಬಾರದು ಅಂತ. ಕತ್ತರಿಸಿದರೆ ತಾನೇ ಹಾಳಾಗುವುದು? ಆ ಕೆಲಸ ನನಗಿರಲಿ, ಅವರು ನೆಮ್ಮದಿಯಾಗಿ ಹೊಲಿಯಲಿ.

ಒಂದು ಬೇಸಿಗೆ ರಜೆಯಲ್ಲಿ ಹೆಡ್ ಮೇಷ್ಟ್ರು ಕೇಂದ್ರದ ಬಾಗಿಲಿಗೆ ಬಂದರು. "ಟೀಚರಮ್ಮ, ಈ ಸಲ ಮಕ್ಕಳ ಯೂನಿಫಾರ್ಮು ಪೇಟೆ ಅಂಗಡಿಗೆ ಕೊಡೋ ಬದಲು ನಿಮ್ಮ ಹೆಂಗಸರಿಗೇ ಕೊಡೋಣ ಅಂತ. ನಲವತ್ತು ಜೊತೆ. ಚೆನ್ನಾಗಿ ಬಂದ್ರೆ ವರ್ಷಾ ವರ್ಷಾ ಅವರದ್ದೇ ಕೆಲಸ. ಅವರ ಕೈಲಿ ಆಗುತ್ತಾ?"

"ಏನು ಮೇಷ್ಟ್ರೇ ಹೀಗಂತೀರಿ! ನಿದ್ದೆಗಣ್ಣಲ್ಲಿ ಹೊಲೀತಾರೆ ನಮ್ಮವರು," ಎಂದಳು ಟೀಚರಮ್ಮ.

ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಹಳೆಯ ವಿದ್ಯಾರ್ಥಿನಿಯರ ಮನೆಗೆ ಹೊರಟಳು, ಕೆಲಸ ಹಂಚಿ ಬರೋಣ ಅಂತ. ಮೊದಲ ಮನೆಯಲ್ಲಿ ಮೇಷಿನಿನ ಮೇಲೆ ಎರಡು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹಾಸಿಗೆ. ಎರಡನೆಯ ಮನೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದಿಸಿ, ಮೇಲೊಂದು ರೇಡಿಯೋ. ಮೂರನೆಯದು ಹಾಲಿನಕ್ಕನ ಮನೆ. ಊರಿಗೆಲ್ಲ ಹಾಲು ಹಾಕುವವಳು, ಕೇಂದ್ರದಲ್ಲಿ ಎಲ್ಲರಿಗಿಂತ ನೇರವಾಗಿ ಹೊಲಿಗೆ ಹಾಕುತ್ತಿದ್ದವಳು. ಅಲ್ಲಿ ಮೇಷಿನಿನ ಕಾಲು ತುಳಿಯುವ ಪಟ್ಟಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಏನೇ ಇದು? ಮೇಷಿನ್ ಕೊಟ್ಟಿದ್ದು ನಿಂಗಾ, ಕೋಳಿಗಾ?"

"ಮೆಲ್ಲಗೆ ಮಾತಾಡಿ ಟೀಚರಮ್ಮ, ಇನ್ನೆರಡು ದಿನದಲ್ಲಿ ಮರಿ ಆಗುತ್ತೆ."

"ಹೊಲಿಗೆ ಮರೆತುಹೋಯ್ತಾ?"

"ಹೊಲಿಗೆ ಎಲ್ಲಿ ಮರೆಯುತ್ತೆ? ಕಣ್ಮುಚ್ಕೊಂಡು ಹೊಲೀತೀನಿ. ಆದ್ರೆ ಇಲ್ಲಿ ಬಟ್ಟೆ ಕತ್ತರಿಸೋರು ಯಾರು?"

"ನಾನು ಕಲಿಸಲಿಲ್ವೇನೇ?"

ಹಾಲಿನಕ್ಕ ನೆಲ ನೋಡಿದಳು. "ನೀವು ತೋರಿಸಿದ್ರಿ. ಕತ್ತರಿ ಕೊಡ್ಲಿಲ್ಲ."

ಟೀಚರಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳು ನಾಲ್ಕನೆಯ ಮನೆಗೆ ಹೋಗಲಿಲ್ಲ, ನೇರ ತನ್ನ ಮನೆಗೆ ಬಂದಳು. ಅವಳ ಯಜಮಾನರು ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು, ನಿಧಾನದ ಮನುಷ್ಯ. ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಅವಳು ಎಲ್ಲ ಹೇಳಿದಳು. ಹೇಳಿ, "ನಾನೇ ನಾಲ್ಕು ದಿನ ಕೂತು ನಲವತ್ತೂ ಕತ್ತರಿಸಿಬಿಟ್ರೆ ಆಯ್ತು. ಅವರು ಹೊಲೀತಾರೆ. ಮೇಷ್ಟ್ರಿಗೆ ಹೇಗೆ ಗೊತ್ತಾಗುತ್ತೆ?" ಎಂದಳು.

"ಗೊತ್ತಾಗಲ್ಲ ಬಿಡು," ಎಂದರು ಅವರು. ಸ್ವಲ್ಪ ಹೊತ್ತು ಸುಲಿದರು. "ನಾನು ಕಾಗದ ಹಂಚ್ತಿದ್ದಾಗ ಒಂದು ಅಜ್ಜಿಗೆ ವಾರ ವಾರ ಅವಳ ಮಗಳ ಕಾಗದ ಓದಿ ಹೇಳ್ತಿದ್ದೆ. ಹದಿನಾಲ್ಕು ವರ್ಷ. ಓದೋದು ಕಲಿಸಿದ್ರೆ ಒಂದು ವರ್ಷದ ಕೆಲಸ. ಆದ್ರೆ ಆ ಅಜ್ಜಿ 'ನೀನಿಲ್ದೆ ಇದ್ರೆ ನನ್ನ ಗತಿ ಏನಪ್ಪಾ' ಅಂತಿದ್ಳಲ್ಲ, ಅದು ಕೇಳೋಕೆ ಬಹಳ ಚೆನ್ನಾಗಿರ್ತಿತ್ತು."

ಟೀಚರಮ್ಮ ಎದ್ದು ಹೋಗಿ ಕಪಾಟು ತೆಗೆದು ಮನೆಯ ಹಳೆಯ ಹೊದಿಕೆಗಳನ್ನೆಲ್ಲ ಹೊರಗೆಳೆದಳು.

ಮರುದಿನ ಹನ್ನೆರಡು ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿದಳು. ಮೇಜಿನ ಮೇಲೆ ಹೊದಿಕೆ ಹಾಸಿ, ಅದರ ಮೇಲೆ ಕತ್ತರಿ ಇಟ್ಟು, "ಯಾರು ತಗೋತೀರಿ?" ಎಂದಳು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಮೇಜಿನ ಮೇಲೆ ಹಾವು ಬಿಟ್ಟ ಹಾಗೆ. ಜಡೆಯಮ್ಮ ಅಂತ ಒಬ್ಬಳಿದ್ದಳು, ಮೊಣಕಾಲು ಮುಟ್ಟುವ ಜಡೆ, ಅದು ಮೇಷಿನಿನ ಚಕ್ರಕ್ಕೆ ಎರಡು ಸಲ ಸಿಕ್ಕಿಹಾಕಿಕೊಂಡಿತ್ತು. ಅವಳು, "ಹಾಳಾದ್ರೆ ಏನ್ ಮಾಡೋದು ಟೀಚರಮ್ಮ?" ಎಂದಳು.

"ಹಾಳು ಮಾಡೋಕೇ ತಂದಿರೋದು ಕಣೇ. ನಮ್ಮನೆ ಹೊದಿಕೆ, ಯಾರೂ ಕೇಳೋರಿಲ್ಲ."

ಜಡೆಯಮ್ಮ ಕಣ್ಣು ಮುಚ್ಚಿ ಕತ್ತರಿ ಹಾಕಿದಳು. ಕಣ್ಣು ಮುಚ್ಚಿ ಕತ್ತರಿಸಿದರೆ ಏನಾಗಬೇಕೋ ಅದೇ ಆಯಿತು. ಕೊರಳಿಗೆ ತೆಗೆದ ತೂತಿನಲ್ಲಿ ಹಾಲಿನಕ್ಕ, ಜಡೆಯಮ್ಮ ಇಬ್ಬರೂ ತಲೆ ತೂರಿಸಿ ಕನ್ನಡಿಯ ಮುಂದೆ ನಿಂತರು. "ಇದನ್ನ ಜೋಡೆತ್ತಿಗೆ ಹಾಕ್ಬಹುದು," ಎಂದಳು ಹಿಂದಿನಿಂದ ಒಬ್ಬಳು. ನಕ್ಕು ನಕ್ಕು ಟೀಚರಮ್ಮನ ಕಣ್ಣಲ್ಲಿ ನೀರು ಬಂತು. ಬೈಯಬೇಕು ಅಂತ ನಾಲಿಗೆಯ ತುದಿಗೆ ಬಂದದ್ದು ಆ ನಗುವಿನಲ್ಲಿ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಒಂದು ವಾರ ಹೊದಿಕೆ ಕತ್ತರಿಸಿದರು. ಯಜಮಾನರು ದಿನಾ ಸಂಜೆ, "ಇವತ್ತು ಏನನ್ನ ಹೊದ್ಕೊಳ್ಳಲಿ, ನಿನ್ನ ಕೋಪಾನಾ?" ಅಂತ ಕೇಳುತ್ತಿದ್ದರು.

ಆಮೇಲೆ ಶಾಲೆಯ ನೀಲಿ ಬಟ್ಟೆಯ ದೊಡ್ಡ ಸುರುಳಿ ಬಂತು. ಇದು ಮನೆಯ ಹೊದಿಕೆಯಲ್ಲ, ಅಳೆದು ಕೊಟ್ಟದ್ದು. ಹಾಳಾದರೆ ಯಾವುದೋ ಒಂದು ಮಗುವಿಗೆ ಅಂಗಿ ಇಲ್ಲ, ಮುಂದಿನ ವರ್ಷ ಈ ಹೆಂಗಸರಿಗೆ ಕೆಲಸವೂ ಇಲ್ಲ. ಹಾಲಿನಕ್ಕ ಬಟ್ಟೆ ಮಡಚಿ, ಗುರುತು ಹಾಕಿ, ಕತ್ತರಿ ಎತ್ತಿಕೊಂಡಳು. ಟೀಚರಮ್ಮ ಒಳಗೆ ನಿಲ್ಲಲಾಗದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು, ಕೋಣೆಗೆ ಬೆನ್ನು ಮಾಡಿ. ಕರ್, ಕರ್ ಅಂತ ಕತ್ತರಿ ಬಟ್ಟೆಯೊಳಗೆ ನಡೆಯುವ ಸದ್ದು ಕೇಳುತ್ತಿತ್ತು. ಎಲ್ಲಿ ತಿರುವು ಬಂತು, ಎಲ್ಲಿ ಕೈ ತಡೆಯಿತು, ಎಲ್ಲ ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

ಹಾಲಿನಕ್ಕ ಒಂದು ಅಂಗಿ ಮುಗಿಸಿ ಕತ್ತರಿಯನ್ನು ಜಡೆಯಮ್ಮನಿಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಜಡೆಯಮ್ಮ ಒಂದು ಕೈಯಲ್ಲಿ ಅಂಗಿಯ ಬೆನ್ನಿನ ತುಂಡು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದು ಹೊರಗೆ ಬಂದಳು.

"ಟೀಚರಮ್ಮ, ಹೊಲಿಗೆಗೆ ಅಂತ ಅಂಚಲ್ಲಿ ಬಟ್ಟೆ ಬಿಡೋದು ಮರೆತೆ. ಅಳತೆಗೆ ಸರಿಯಾಗಿ ಕತ್ತರಿಸಿಬಿಟ್ಟೆ. ಹೊಲಿದ್ರೆ ಬಿಗಿ ಆಗುತ್ತೆ."

ಟೀಚರಮ್ಮನ ಬಲಗೈ ತಾನಾಗಿ ಕತ್ತರಿಯ ಕಡೆಗೆ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಭದ್ರವಾಗಿ ಕೂತಳು.

"ಹೌದು, ಬಿಗಿ ಆಗುತ್ತೆ. ಈಗೇನ್ ಮಾಡ್ತೀಯ?"

"ನೀವು ಹೇಳಿ."

"ನನ್ನ ಕೇಳ್ಬೇಡ. ಕತ್ತರಿ ನಿನ್ನ ಕೈಲಿದೆ."

ಜಡೆಯಮ್ಮ ತುಂಡನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು, "ಹಾಲಿನಕ್ಕಾ, ಮಕ್ಕಳ ಅಳತೆ ಬರೆದಿರೋ ಪಟ್ಟಿ ನೋಡೇ! ಇದು ನಾಲ್ಕನೇ ಕ್ಲಾಸಿಂದು. ಹೊಲಿದ್ರೆ ಮೂರನೇ ಕ್ಲಾಸಿನ ಅಳತೆಗಿಂತ ಒಂಚೂರು ದೊಡ್ಡದಾಗುತ್ತೆ. ಆ ಕ್ಲಾಸಲ್ಲಿ ಯಾರಾದ್ರೂ ದಪ್ಪಗಿರೋ ಮಗು ಇದ್ಯಾ?"

"ಇದೆ ಕಣೇ, ಬೇಕರಿಯವರ ಮಗಳು!"

"ಹಾಗಾದ್ರೆ ಇದು ಅವಳಿಗೆ!" ಎಂದವಳೇ ಒಳಗೆ ಓಡಿದಳು. ಸರಿಯಾ ತಪ್ಪಾ ಅಂತ ಟೀಚರಮ್ಮನ ಮುಖವನ್ನೂ ನೋಡಲಿಲ್ಲ.

ಶಾಲೆ ತೆರೆಯುವ ಎರಡು ದಿನ ಮೊದಲೇ ನಲವತ್ತು ಜೊತೆ ಹೆಡ್ ಮೇಷ್ಟ್ರ ಮೇಜು ಸೇರಿತು. ನಾಲ್ಕೈದು ಜೇಬು ವಾರೆ ಇದ್ದವು, ಮೇಷ್ಟ್ರು ಗಮನಿಸಲಿಲ್ಲ, ಟೀಚರಮ್ಮ ಗಮನಿಸಿ ಬಾಯಿ ಮುಚ್ಚಿಕೊಂಡಿದ್ದಳು. ಮರುವರ್ಷವೂ ಆ ಕೆಲಸ ಅವರಿಗೇ ಬಂತು. ಅದೆಲ್ಲ ಆಮೇಲಿನ ಮಾತು. ಮೆಟ್ಟಿಲ ಮೇಲೆ ಕೂತ ಆ ಬೆಳಿಗ್ಗೆ ಆದದ್ದು ಇಷ್ಟು: ಸ್ವಲ್ಪ ಹೊತ್ತಿಗೆ ಹಾಲಿನಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಟೀಚರಮ್ಮ, ಒಂದು ಮಾತು. ತಪ್ಪು ತಿಳ್ಕೋಬೇಡಿ. ನೀವು ಮನೆಗೆ ಹೋಗಿ."

"ಯಾಕೇ?"

"ನಿಮ್ಮ ಬೆನ್ನು ಕಾಣ್ತಿದ್ರೆ ನಮಗೆ ಕೈ ಓಡಲ್ಲ. ಪ್ರತಿ ಸಲ ಕತ್ತರಿ ಆಡಿಸಿದಾಗ್ಲೂ ನಿಮ್ಮ ಭುಜ ಮೇಲಕ್ಕೆ ಹೋಗುತ್ತೆ. ಒಳಗೆ ಎಲ್ಲರೂ ಬಟ್ಟೆ ಬಿಟ್ಟು ಅದನ್ನೇ ನೋಡ್ತಿದಾರೆ."

ಟೀಚರಮ್ಮ ಎದ್ದು ಬಟ್ಟೆ ಕೊಡವಿಕೊಂಡು ಹೊರಟಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಹಗಲು ಹನ್ನೊಂದು ಗಂಟೆಗೆ ಮನೆಯ ಬಾಗಿಲು ತಳ್ಳಿದಳು. ಯಜಮಾನರು ಗಾಬರಿಯಿಂದ ಎದ್ದರು.

"ಏನಾಯ್ತು? ಹುಷಾರಿಲ್ವಾ?"

"ಓಡಿಸಿಬಿಟ್ರು ಕಣ್ರೀ," ಎಂದಳು ಅವಳು, ಮುಖದ ತುಂಬ ನಗು. ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಬಿಸಿಲು ಅಂಗಳದ ಅರ್ಧದವರೆಗೆ ಬಂದಿತ್ತು. ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು. ಅವಳು ಅದನ್ನೂ ಬಿಸಿಲನ್ನೂ ತುಂಬ ಹೊತ್ತು ನೋಡಿದಳು.

"ನಮ್ಮನೇಲಿ ಹನ್ನೊಂದು ಗಂಟೆ ಹೀಗಿರುತ್ತಾ?" ಎಂದು ಕೇಳಿದಳು.