ಹದಿನಾಲ್ಕು ಸೆಕೆಂಡಿನ ರಸ್ತೆ

ಧಾರವಾಡದ ನನ್ನ ಮನೆಗೂ ಹುಬ್ಬಳ್ಳಿಯ ನನ್ನ ಕಚೇರಿಗೂ ನಡುವೆ ಹನ್ನೊಂದು ಸಿಗ್ನಲ್‌ಗಳಿವೆ. ಅವುಗಳಲ್ಲಿ ಒಂಬತ್ತು ಕಡೆ ನನಗೆ ಕೆಂಪು ದೀಪವೇ ಸಿಗುತ್ತದೆ. ಇದರಲ್ಲೇನು ವಿಶೇಷ, ಎಲ್ಲರ ಹಣೆಬರಹವೂ ಅದೇ ಎಂದು ನೀವು ಹೇಳಬಹುದು. ಆದರೆ ನಿಮಗೊಂದು ಸೌಲಭ್ಯವಿದೆ. ಕೆಂಪು ದೀಪದ ಮುಂದೆ ನಿಂತು, ಹೆಲ್ಮೆಟ್ಟಿನೊಳಗೇ, ಈ ಸಿಗ್ನಲ್ಲಿಗೆ ಸಮಯ ಇಟ್ಟವನ ಏಳು ತಲೆಮಾರನ್ನು ನೀವು ಸಾವಕಾಶವಾಗಿ ಬೈಯಬಹುದು. ನನಗೆ ಆ ಸುಖವಿಲ್ಲ. ಸಮಯ ಇಟ್ಟವನು ನಾನೇ, ತಲೆಮಾರುಗಳೂ ನನ್ನವೇ. ಅಕ್ಕಪಕ್ಕದ ಸ್ಕೂಟರಿನವರು ಗೊಣಗುವಾಗ ನಾನು ಆಕಾಶ ನೋಡುತ್ತೇನೆ.

ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಉದ್ದವಿದೆ. ವಿಸಿಟಿಂಗ್ ಕಾರ್ಡಿನಲ್ಲಿ ಅದನ್ನು ಹಿಡಿಸಲು ನನ್ನ ಸ್ವಂತ ಹೆಸರಿನ ಅಕ್ಷರಗಳನ್ನು ಸಣ್ಣದು ಮಾಡಬೇಕಾಯಿತು. ಸರಳವಾಗಿ ಹೇಳಿದರೆ ಕೆಲಸ ಇಷ್ಟು: ಅವಳಿ ನಗರದ ಸರ್ಕಲ್ಲುಗಳಲ್ಲಿ ಕಂಬದ ಮೇಲೆ ಕ್ಯಾಮೆರಾಗಳಿವೆ. ಯಾವ ದಿಕ್ಕಿನಿಂದ ಎಷ್ಟು ಗಾಡಿ ಬಂದು ನಿಂತಿವೆ ಎಂದು ಅವು ಎಣಿಸುತ್ತವೆ. ಆ ಲೆಕ್ಕ ನಮ್ಮ ಕಂಟ್ರೋಲ್ ರೂಮಿಗೆ ಬಂದು, ಯಾರಿಗೆ ಎಷ್ಟು ಸೆಕೆಂಡು ಹಸಿರು ಎಂದು ಕಂಪ್ಯೂಟರು ತೀರ್ಮಾನಿಸುತ್ತದೆ. ಹೇಗೆ ತೀರ್ಮಾನಿಸಬೇಕು ಎಂದು ಕಂಪ್ಯೂಟರಿಗೆ ಪಾಠ ಹೇಳಿದ ಮೇಷ್ಟ್ರು ನಾನು. ಇದನ್ನೆಲ್ಲ ಸೇರಿಸಿ ಬುದ್ಧಿವಂತ ಸಂಚಾರ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಬೀಗರು ಬಿಜ್ಜರ ನಡುವೆ ಮಾತ್ರ ನಾನು ‘ಲೈಟ್ ಹಚ್ಚಾಂವ’. ಮದುವೆ ಮನೆಯಲ್ಲಿ ಡಾಕ್ಟರು ಕಂಡರೆ ಜನ ನಾಡಿ ಹಿಡಿಸಿಕೊಳ್ಳುತ್ತಾರಲ್ಲ, ಹಾಗೆ ನನ್ನನ್ನು ಕಂಡರೆ ತಮ್ಮ ಓಣಿಯ ಸಿಗ್ನಲ್ಲಿನ ರೋಗ ಹೇಳುತ್ತಾರೆ. ಊಟದ ಎಲೆಯ ಮುಂದೆ ಕೂತವನು ಓಡಿಹೋಗುವುದಾದರೂ ಎಲ್ಲಿಗೆ?

ಬುದ್ಧಿ ಅನ್ನುವುದು ದೊಡ್ಡ ಮಾತು. ನಮ್ಮ ತರ್ಕಶಾಸ್ತ್ರದವರು ಜ್ಞಾನಕ್ಕೆ ಪ್ರತ್ಯಕ್ಷ ಒಂದು ದಾರಿ, ಹೊಗೆ ಕಂಡು ಬೆಂಕಿಯಿದೆ ಎಂದು ಊಹಿಸುವ ಅನುಮಾನ ಇನ್ನೊಂದು ದಾರಿ ಎಂದರು. ನಮ್ಮ ವ್ಯವಸ್ಥೆಯಲ್ಲೂ ಹಾಗೆಯೇ. ಕ್ಯಾಮೆರಾದ್ದು ಪ್ರತ್ಯಕ್ಷ, ಕಂಪ್ಯೂಟರಿನದು ಅನುಮಾನ, ಮೇಲಧಿಕಾರಿಗಳದು ಬರೀ ಅನುಮಾನ. ಒಂದು ಸರ್ಕಲ್ಲಿನಲ್ಲಿ ಸಂಜೆ ಹೊತ್ತು ಖಾಲಿ ರಸ್ತೆಗೆ ಉದ್ದುದ್ದ ಹಸಿರು ಬೀಳತೊಡಗಿತು. ಉಳಿದ ಮೂರು ದಿಕ್ಕಿನವರು ಹಾರ್ನು ಒತ್ತಿ ಒತ್ತಿ ಸುಸ್ತಾದರು. ನಾನೇ ತಪಾಸಣೆಗೆ ಹೋದೆ. ಅಲ್ಲೊಂದು ಗಿರ್ಮಿಟ್ಟಿನ ಗಾಡಿ. ತಿನ್ನಲು ಬಂದವರು ಬೈಕುಗಳನ್ನು ರಸ್ತೆಯಲ್ಲೇ ಸಾಲಾಗಿ ನಿಲ್ಲಿಸುತ್ತಾರೆ. ಕ್ಯಾಮೆರಾ ಬೈಕು ಕಂಡಿತು, ಕಂಪ್ಯೂಟರು ಪಾಪ ಇವರೆಲ್ಲ ಹಸಿರಿಗೆ ಕಾದಿದ್ದಾರೆ ಎಂದು ಊಹಿಸಿತು. ಹೊಗೆಯೇನೋ ಇತ್ತು, ಆದರೆ ಅದು ಮಿರ್ಚಿ ಕರಿಯುವ ಬಾಣಲೆಯದು. ಕಾರಣ ಸಿಕ್ಕ ಸಂತೋಷಕ್ಕೆ ನಾನೂ ಒಂದು ಪ್ಲೇಟು ತೆಗೆದುಕೊಂಡೆ. ಅರ್ಧ ತಿನ್ನುವಷ್ಟರಲ್ಲಿ ಕಂಟ್ರೋಲ್ ರೂಮಿನಿಂದ ನನ್ನ ಸಹಾಯಕ ಮಹಾಂತೇಶನ ಫೋನು ಬಂತು. ಆ ಕಡೆ ಸಾಲಿನಲ್ಲಿ ಇನ್ನೊಂದು ಸ್ಕೂಟರು ಹೆಚ್ಚಾಗಿದೆ, ಹಸಿರು ಇನ್ನಷ್ಟು ಉದ್ದವಾಗಿದೆ ಎಂದು ವರದಿ ಒಪ್ಪಿಸಿದ. ಆ ಸ್ಕೂಟರು ಯಾರದೆಂದು ಅವನಿಗೆ ನಾನು ಇವತ್ತಿಗೂ ಹೇಳಿಲ್ಲ.

ಇಂಥ ತಪ್ಪುಗಳನ್ನು ಹೇಳಿಕೊಂಡು ನಗಬಹುದು. ನಗಲಾಗದ ಒಂದಿದೆ. ಅದನ್ನು ಹೇಳಲೆಂದೇ ಇಷ್ಟು ಸುತ್ತು ಹಾಕಿದೆ.

ಸಪ್ತಾಪುರದ ನಮ್ಮ ಮನೆಯ ಹತ್ತಿರದ ಸರ್ಕಲ್ಲಿಗೂ ನಮ್ಮ ವ್ಯವಸ್ಥೆ ಬರುವುದೆಂದಾಗ ನಾನು ಹಿಗ್ಗಿದೆ. ಸ್ವಂತ ಓಣಿಯಲ್ಲಿ ಸ್ವಂತ ಸಿಗ್ನಲ್ಲು ಎಷ್ಟು ಜನರಿಗೆ ಸಿಗುತ್ತದೆ? ಕಾಲ್ನಡಿಗೆಯವರು ದಾಟಲು ಎಷ್ಟು ಸಮಯ ಕೊಡಬೇಕೆನ್ನುವುದಕ್ಕೆ ಕೈಪಿಡಿಯಲ್ಲಿ ಲೆಕ್ಕವಿದೆ: ರಸ್ತೆಯ ಅಗಲವನ್ನು ನಡೆಯುವ ವೇಗದಿಂದ ಭಾಗಿಸಬೇಕು. ಆದರೆ ನಡೆಯುವ ವೇಗ ಎಂದರೆ ಯಾರ ವೇಗ? ಕೈಪಿಡಿ ಬರೆದವರು ಧಾರವಾಡದವರನ್ನು ನೋಡಿರಲಿಕ್ಕಿಲ್ಲ, ನಾವೇ ಸ್ಥಳದಲ್ಲಿ ಅಳೆದು ನೋಡೋಣ ಎಂದು ನಾನು ಮೀಟಿಂಗಿನಲ್ಲಿ ಭಾಷಣ ಮಾಡಿದೆ. ಅಷ್ಟರಮಟ್ಟಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ, ರಸ್ತೆಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಮಹಾಂತೇಶನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ನಾನೇ ಮೂರು ಸಲ ರಸ್ತೆ ದಾಟಿದೆ. ಯಾರಾದರೂ ನೋಡುತ್ತಿದ್ದಾರೆಂದರೆ ಮನುಷ್ಯನ ನಡಿಗೆ ತಾನಾಗಿಯೇ ಚುರುಕಾಗುತ್ತದೆ ಎನ್ನುವ ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಹದಿನಾಲ್ಕು ಸೆಕೆಂಡು ಎಂದು ಮಹಾಂತೇಶ ಹೇಳಿದ. ‘ಸ್ಥಳದಲ್ಲಿ ಅಳೆದದ್ದು’ ಎಂದು ಕಡತದಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಇನ್ನು ಕುಸುಮ ಮೌಶಿಯ ವಿಷಯ. ಅವಳು ನನ್ನ ತಾಯಿಯ ತಂಗಿ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿ, ನಮ್ಮ ಜೊತೆಗೇ ಇದ್ದಾಳೆ. ವಯಸ್ಸು ಎಪ್ಪತ್ತು ದಾಟಿದೆ. ಅದೇ ಶಾಲೆಯಲ್ಲಿ ಅವಳ ಪಕ್ಕದ ಕೋಣೆಯಲ್ಲಿ ಕಲಿಸುತ್ತಿದ್ದ ಗಂಗಾಬಾಯಿಯವರ ಮನೆ ರಸ್ತೆಯ ಆಚೆಗಿದೆ. ಗಂಗಾಬಾಯಿಯವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಹೊರಗೆ ಬರುವುದಿಲ್ಲ. ದಿನಾಲೂ ಸಂಜೆ ಐದಕ್ಕೆ ಮೌಶಿ ಅಲ್ಲಿಗೆ ಹೋಗಿ ಅಂದಿನ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳುವಳು. ನಡುನಡುವೆ ಇಬ್ಬರೂ ಸೇರಿ ಸರ್ಕಾರವನ್ನು ಬೈಯುವರು, ಪೇಪರಿನವರ ಕನ್ನಡ ತಿದ್ದುವರು, ಒಂದೊಂದು ಕಪ್ಪು ಚಹಾ ಕುಡಿಯುವರು. ಇಡೀ ದಿನದಲ್ಲಿ ಅವರಿಬ್ಬರೂ ಕಾಯುತ್ತಿದ್ದದ್ದು ಆ ಒಂದು ತಾಸಿಗೆ.

ಸಿಗ್ನಲ್ಲು ಬಂದ ಮೇಲೆ ಮೌಶಿ ಗಂಗಾಬಾಯಿಯವರ ಮನೆಗೆ ಹೋಗುವುದು ನಿಂತಿತು. ಸಂಜೆ ಚೀಲ ಹಿಡಿದು ಹೊರಡುವಳು, ಅರ್ಧ ತಾಸಿಗೆ ಮರಳಿ ಬರುವಳು. ಕೇಳಿದರೆ ಮೊಣಕಾಲು ಹಿಡಿದುಕೊಂಡಿತು, ಹಾಗೇ ಅಡ್ಡಾಡಿ ಬಂದೆ ಎನ್ನುವಳು. ನಾನು ಕರ್ತವ್ಯನಿಷ್ಠ ಮಗ. ತಕ್ಷಣ ಔಷಧಿ ಅಂಗಡಿಗೆ ಹೋಗಿ ಮೊಣಕಾಲಿಗೆ ಹಾಕುವ ಪಟ್ಟಿ ತಂದುಕೊಟ್ಟೆ. ಅದನ್ನು ತೊಡಿಸುತ್ತಾ, ನಮ್ಮ ಸರ್ಕಲ್ಲಿನಲ್ಲಿ ಈಗ ಗಾಡಿಗಳು ಎಷ್ಟು ಸರಾಗವಾಗಿ ಓಡುತ್ತಿವೆ ಎಂದು ಅವಳಿಗೇ ವಿವರಿಸಿದೆ. ಅವಳು ಹೂಂಗುಟ್ಟಿದಳು.

ಹೀಗೆ ಆರು ವಾರ ಕಳೆದವು. ಒಂದು ಸಂಜೆ ಬೇರೆ ಊರಿನಿಂದ ನಾಲ್ಕು ಜನ ಅಧಿಕಾರಿಗಳು ನಮ್ಮ ವ್ಯವಸ್ಥೆ ನೋಡಲು ಕಂಟ್ರೋಲ್ ರೂಮಿಗೆ ಬಂದರು. ತೋರಿಸಲು ನಾನು ಆರಿಸಿಕೊಂಡದ್ದು, ಹೇಳಬೇಕಾಗಿಲ್ಲ, ಸಪ್ತಾಪುರದ ಸರ್ಕಲ್ಲನ್ನೇ. ದೊಡ್ಡ ಪರದೆಯ ಮೇಲೆ ಗಾಡಿಗಳು ಬಂದವು, ಹೋದವು. ನಾನು ಕೈಯಲ್ಲಿ ಕೋಲು ಹಿಡಿದು ವಿವರಿಸುತ್ತಿದ್ದೆ. ಬಂದವರಲ್ಲಿ ಒಬ್ಬರು, ಆ ಅಜ್ಜಿ ಏನು ಮಾಡುತ್ತಿದ್ದಾರೆ ಎಂದು ಪರದೆಯ ಮೂಲೆಗೆ ಬೆರಳು ತೋರಿಸಿದರು.

ಝೀಬ್ರಾ ಪಟ್ಟಿಯ ಅಂಚಿನಲ್ಲಿ ಒಬ್ಬ ಮುದುಕಿ. ಹಸಿರು ಮನುಷ್ಯ ಮೂಡಿದ ಕೂಡಲೇ ರಸ್ತೆಗೆ ಇಳಿಯುತ್ತಾಳೆ. ರಸ್ತೆಯ ಮೂರರಲ್ಲಿ ಒಂದು ಪಾಲು ಹೋಗುವಷ್ಟರಲ್ಲಿ ಹಸಿರು ಮನುಷ್ಯ ಮಿಣುಕತೊಡಗುತ್ತಾನೆ. ಬೈಕುಗಳು ಗುರ್ ಎನ್ನುತ್ತವೆ. ಅವಳು ತಿರುಗಿ ಹಿಂದಕ್ಕೆ ಬಂದು ನಿಲ್ಲುತ್ತಾಳೆ. ಮತ್ತೆ ಹಸಿರು, ಮತ್ತೆ ಇಳಿಯುತ್ತಾಳೆ, ಮತ್ತೆ ಹಿಂದಕ್ಕೆ. ಕಂಪ್ಯೂಟರು ಪರದೆಯ ಕೆಳಗೆ ‘ಕಾಯುತ್ತಿರುವವರು: ಒಬ್ಬರು’ ಎಂದು ಬರೆದುಕೊಂಡಿತ್ತು. ಇದು ಅಪರೂಪದ ಪ್ರಕರಣ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಚೀಲ ಕಂಡಿತು. ಅದು ನನ್ನ ಹಳೆಯ ಕಂದು ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಚೀಲ.

ಅದು ಮೌಶಿ. ಇವಳು ಆರು ವಾರದಿಂದ ದಿನಾಲೂ ಇಲ್ಲಿಗೆ ಬಂದು, ಇಳಿದು, ಹೆದರಿ, ಮರಳಿ ಮನೆಗೆ ಬರುತ್ತಿದ್ದಾಳೆ. ನಾನು ಅವಳ ಮೊಣಕಾಲಿಗೆ ಪಟ್ಟಿ ಕಟ್ಟಿದ್ದೇನೆ.

ಆ ಸರ್ಕಲ್ಲಿನಲ್ಲಿ ನಾಲ್ಕೂ ಕಡೆ ಕೆಂಪು ಹಾಕು, ನಾನು ಹೇಳುವತನಕ ತೆಗೆಯಬೇಡ ಎಂದು ಮಹಾಂತೇಶನಿಗೆ ಹೇಳಿದೆ. ಮುಖ್ಯಮಂತ್ರಿಗಳು ಬಂದಾಗ ಮಾತ್ರ ಒತ್ತುವ ಗುಂಡಿ ಅದು. ಅವನು ನನ್ನ ಮುಖ ನೋಡಿ ಒತ್ತಿದ. ಗಾಡಿಗಳು ನಿಂತವು, ಹಸಿರು ಮನುಷ್ಯ ಮೂಡಿದ. ಮೌಶಿ ಇಳಿದಳು. ಅರ್ಧ ರಸ್ತೆಗೆ ಬಂದಳು, ಈ ಸಲ ಹಸಿರು ಮನುಷ್ಯ ಮಿಣುಕಲಿಲ್ಲ. ಆಗ ಎದುರಿನಿಂದ ಬರುತ್ತಿದ್ದ, ತಲೆ ನರೆತ ಒಬ್ಬ ಗೃಹಸ್ಥ ನಡುರಸ್ತೆಯಲ್ಲೇ ನಿಂತು, ಕೈಚೀಲ ಕೆಳಗಿಟ್ಟು, ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಯಾವುದೋ ಕಾಲದ ವಿದ್ಯಾರ್ಥಿ. ಧಾರವಾಡದಲ್ಲಿ ಗುರುತಿನವರು ಸಿಕ್ಕರೆ, ಅದು ದೇವಸ್ಥಾನವಾಗಲಿ ನಡುರಸ್ತೆಯಾಗಲಿ, ನಿಂತು ನಾಲ್ಕು ಮಾತು ಕೇಳದೆ ಮುಂದೆ ಹೋಗುವ ರೂಢಿಯಿಲ್ಲ. ಮೌಶಿ ಅವನ ತಲೆ ಮೇಲೆ ಕೈಯಿಟ್ಟು ಕೇಳತೊಡಗಿದಳು. ಪರದೆಗೆ ಶಬ್ದವಿಲ್ಲ, ಆದರೆ ಪ್ರಶ್ನೆಗಳು ನನಗೆ ಬಾಯಿಪಾಠ. ತಾಯಿ ಹೇಗಿದ್ದಾಳೆ, ಮಕ್ಕಳು ಎಷ್ಟು, ಎಷ್ಟನೇ ಇಯತ್ತೆ, ಚಹಾ ಆಯಿತೇ. ಅವನೂ ಪೂರ್ತಿ ಉತ್ತರ ಕೊಡುತ್ತಿದ್ದ. ಪರದೆಯ ಪಕ್ಕದ ನಕ್ಷೆಯಲ್ಲಿ, ಗಾಡಿಗಳ ದಟ್ಟಣೆ ಏರಿದಂತೆ, ನಾಲ್ಕೂ ರಸ್ತೆಗಳ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತು. ಬಂದ ಅಧಿಕಾರಿಗಳು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು. ಅವರನ್ನು ಕರೆತಂದಿದ್ದ ನಮ್ಮ ಮೇಲಧಿಕಾರಿಗಳು ನನ್ನ ಬೆನ್ನ ಹಿಂದೆ ಗಂಟಲು ಸರಿಮಾಡಿಕೊಂಡರು. ಇದು ಯಾರಿಗಾಗಿ ಎಂದು ಅವರು ಕೇಳಿದಾಗ, ನಮ್ಮ ಮೌಶಿಗಾಗಿ ಎಂದುಬಿಟ್ಟೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ನಾನು ಕೊಟ್ಟ ಅತಿ ಚಿಕ್ಕ ಉತ್ತರ ಅದು.

ಮೌಶಿ ಆಚೆ ದಡ ಸೇರಿದ ಮೇಲೆಯೇ ಗುಂಡಿ ಬಿಡಿಸಿದ್ದು.

ಅವತ್ತು ಮನೆಗೆ ಹೋದವನೇ ಅವಳ ಮುಂದೆ ಕೂತೆ. ಇಷ್ಟು ದಿನ ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಊರ ಮಂದಿ ಎಲ್ಲಾ ನಿನ್ನ ಲೈಟಿಗೆ ಬೈತಾರ. ಮನ್ಯಾಗಿನಾಕಿ ನಾನೂ ಬೈಲೇನು?”

ನಾನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಸೋಸತೊಡಗಿದೆ. ಆಮೇಲೆ ಅವಳೇ ನಿಧಾನವಾಗಿ ಹೇಳಿದಳು. ಸಿಗ್ನಲ್ಲು ಬರುವ ಮೊದಲು ಕೈ ಎತ್ತಿದರೆ ಸಾಕಿತ್ತು. ಗಾಡಿಯವರು ಇವಳ ಮುಖ ನೋಡಿ ನಿಲ್ಲುತ್ತಿದ್ದರು, ಅವರಲ್ಲಿ ಎಷ್ಟೋ ಜನ ಇವಳ ಕೈಯಲ್ಲಿ ಮಗ್ಗಿ ಕಲಿತವರೇ. ಈಗ ಅವರು ದೀಪ ನೋಡುತ್ತಾರೆ. ದೀಪ ಹೋಗು ಎಂದಮೇಲೆ ಅವರು ಹೋಗಬೇಕಲ್ಲ, ಅವರ ತಪ್ಪೇನಿದೆ ಎಂದಳು. ನನಗೆ ಅಳು ಬಂದಂತಾಗಿ, ಹಿತ್ತಿಲಿನಲ್ಲಿ ಏನೋ ಕೆಲಸವಿದೆ ಎಂದು ಎದ್ದುಹೋದೆ.

ಮರುದಿನ ಸಂಜೆ ಐದಕ್ಕೆ, ಸರಿಯಾದ ಗದ್ದಲದ ಹೊತ್ತಿಗೆ, ಮತ್ತೆ ಅಳತೆ ನಡೆಯಿತು. ಈ ಸಲ ನಡೆದವಳು ಮೌಶಿ, ಚಪ್ಪಲಿ ಅವಳ ದಿನದ ಚಪ್ಪಲಿ. ಸ್ಟಾಪ್‌ವಾಚ್ ವಿಷಯ ಅವಳಿಗೆ ಹೇಳಲಿಲ್ಲ. ಮೂವತ್ತೊಂದು ಸೆಕೆಂಡು ಬಂತು. ಅದರ ಮೇಲೆ ಐದು ಸೆಕೆಂಡು ಹೆಚ್ಚಿಗೆ ಇಟ್ಟೆ. ಯಾಕೆಂದು ಮೇಲಧಿಕಾರಿಗಳು ಕೇಳಿದಾಗ, ದಾರಿಯಲ್ಲಿ ಒಬ್ಬರು ಸಿಕ್ಕರೆ ಕ್ಷೇಮ ವಿಚಾರಿಸಲು ಎಂದು ಬರೆದುಕೊಟ್ಟೆ. ಕಡತ ನಾಲ್ಕು ದಿನ ಅವರ ಮೇಜಿನ ಮೇಲಿತ್ತು. ಬಂತು, ಸಹಿ ಬಿದ್ದಿತ್ತು. ಅವರಿಗೂ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆಂದು ಆಮೇಲೆ ತಿಳಿಯಿತು.

ಗಾಡಿಯವರು ಈಗ ನನ್ನನ್ನು ಮೊದಲಿಗಿಂತ ಹೆಚ್ಚು ಬೈಯುತ್ತಾರೆ. ನಾನೂ ಅಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಬೈಸಿಕೊಳ್ಳುತ್ತೇನೆ.

ಕಳೆದ ವಾರ ಮೌಶಿಯ ಜೊತೆ ನಾನೂ ಗಂಗಾಬಾಯಿಯವರ ಮನೆಗೆ ಹೋದೆ. ಅವರ ಮಂಚದ ಕೆಳಗೆ ಪೇಪರಿನ ದೊಡ್ಡ ಪೆಂಡಿ ಇತ್ತು. ಮೌಶಿ ಬಾರದ ಆರು ವಾರದ ಪೇಪರುಗಳು, ತಾರೀಖಿನ ಪ್ರಕಾರ ಜೋಡಿಸಿದ್ದವು. ಸೊಸೆ ಓದಿ ಹೇಳುತ್ತೇನೆ ಎಂದರೂ ಅವರು ಒಪ್ಪಿರಲಿಲ್ಲವಂತೆ. ಬಿಟ್ಟಲ್ಲಿಂದಲೇ ಶುರುವಾಗಬೇಕು, ಕುಸುಮಳೇ ಓದಬೇಕು ಎಂದು ಹಟ. ಹಾಗಾಗಿ ಇಬ್ಬರೂ ದಿನಕ್ಕೆರಡು ಪೇಪರಿನಂತೆ ಹಳೆಯ ಸುದ್ದಿ ಮುಗಿಸುತ್ತ ಬರುತ್ತಿದ್ದಾರೆ. ಊರಿಗೆಲ್ಲ ಗೊತ್ತಿರುವ ಚುನಾವಣೆಯ ಫಲಿತಾಂಶಕ್ಕೆ ಅವರಿಬ್ಬರೇ ಇನ್ನೂ ಕಾಯುತ್ತಿದ್ದಾರೆ.

ನನ್ನ ದುರದೃಷ್ಟಕ್ಕೆ ಅವತ್ತಿನ ಪೇಪರು ನಮ್ಮ ಸಿಗ್ನಲ್ಲು ಶುರುವಾದ ವಾರದ್ದು. ಮೂರನೇ ಪುಟದಲ್ಲಿ ನನ್ನ ಫೋಟೊ, ಪಕ್ಕದಲ್ಲಿ ಹೊಗಳಿಕೆ. ಮೌಶಿ ಕನ್ನಡಕ ಸರಿಪಡಿಸಿಕೊಂಡು, ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ, ಒಂದಕ್ಷರ ಬಿಡದೆ ಓದತೊಡಗಿದಳು. ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕೂತೆ. ಹೊಸ ವ್ಯವಸ್ಥೆಯಿಂದ ಸರ್ಕಲ್ಲು ದಾಟುವುದು ಸುಗಮವಾಗಿದೆ ಎನ್ನುವಲ್ಲಿಗೆ ಬಂದಾಗ ಗಂಗಾಬಾಯಿ ಕೈ ಎತ್ತಿ ನಿಲ್ಲಿಸಿದರು.

“ಎಲ್ಲಾರಿಗೂ ಸುಗಮ ಆಗೇದ ಅಂತ ಬರದಾರೇನ?”

ಮೌಶಿ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದಳು. “ಇಲ್ಲ. ವಾಹನಗಳಿಗೆ ಅಂತ ಬರದಾರ.”

“ಹಂಗಾದ್ರ ಖರೇನ ಬರದಾರ ಬಿಡು,” ಎಂದರು ಗಂಗಾಬಾಯಿ. “ಮುಂದ ಓದು.”