ನಲ್ಲಿಯ ಹಿಡಿಕೆ ಮುರಿದದ್ದು ಹೇಗೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಡಿಸೈನ್ ಲ್ಯಾಬಿನ ಬೀಗ ತೆಗೆದು, ಅಲ್ಲಿನ ಸಹಾಯಕಿ ಅಕ್ಕ ನೇರವಾಗಿ ತ್ರೀಡಿ ಪ್ರಿಂಟರಿನ ಹತ್ತಿರ ಹೋಗುತ್ತಾರೆ. ರಾತ್ರಿಯಿಡೀ ಪದರದ ಮೇಲೆ ಪದರ ಕೂತು ತಯಾರಾದ ಪ್ಲಾಸ್ಟಿಕ್ ಮಾದರಿಯನ್ನು ಎತ್ತಿ, ತಿರುಚಿ, ಮೂಸಿಯೂ ನೋಡುತ್ತಾರೆ. "ಚೆನ್ನಾಗೇ ಬಂದಿದೆ," ಎನ್ನುತ್ತಾರೆ ಬೇಸರದಿಂದ. "ಎಲ್ಲೋ ಏನೋ ಎಡವಟ್ಟಾಗಿರ್ಬೇಕು."

ವಿದ್ಯಾರ್ಥಿಗಳು ಮರೆಯಲ್ಲಿ ಇವರನ್ನು ಅನುಮಾನದಕ್ಕ ಎನ್ನುತ್ತಾರೆ. ಗ್ಯಾಸ್ ಆಫ್ ಮಾಡಿದ್ದೇನೆ ಎಂದರೂ ಎದ್ದು ಹೋಗಿ ನೋಡುತ್ತಾಳೆಂದು ಗಂಡನ ದೂರು. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಮೇಲೂ ಒಂದು ಕಣ್ಣಿದೆ: "ಹೊಗಳಿ ಬರೀತೀರಾ? ಯಾಕೆ?" ಅಕ್ಕ ಮೊದಲು ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳಗಳ ತಪಾಸಣೆ ಮಾಡುತ್ತಿದ್ದವರು. ಅಲ್ಲಿ ಅನುಮಾನ ಪಡುವುದಕ್ಕೇ ಸಂಬಳ.

ಇಲ್ಲಿನ ಪಾಠದ ಕ್ರಮವೇ ಬೇರೆ. ಡಿಸೈನ್ ಹೊಳೆದ ಕೂಡಲೇ ಮಾದರಿ ಪ್ರಿಂಟ್ ಮಾಡಬೇಕು, ಬಳಸುವವರ ಕೈಗೆ ಕೊಡಬೇಕು, ಮುರಿದರೆ ತಿದ್ದಿ ಮತ್ತೆ ಮಾಡಬೇಕು. ಮುರಿದ ತುಂಡಿಗೂ ಅಂಕವುಂಟು. ಅಂಕ ಎಂದ ಮೇಲೆ ಕಳ್ಳದಾರಿ ಹುಟ್ಟದೇ ಇರುತ್ತದೆಯೇ? ಕೆಲವರು ಗಟ್ಟಿ ಮಾದರಿಗೇ ಸುತ್ತಿಗೆ ಏಟು ಕೊಟ್ಟು, ಬಳಸುವಾಗ ಮುರಿಯಿತೆಂದು ತಂದಿದ್ದರು. ಅಂದಿನಿಂದ ಅಕ್ಕ ಯಾವ ಬಿರುಕನ್ನೂ ನಂಬುವುದಿಲ್ಲ.

ಈ ಸಲ ಅವರ ಕಣ್ಣಿಗೆ ಬಿದ್ದವಳು ಕೊನೆಯ ವರ್ಷದ ಹುಡುಗಿ. ಕೀಲುನೋವಿನ ಅಜ್ಜಿಗಾಗಿ ನಲ್ಲಿಗೆ ಸಿಕ್ಕಿಸುವ ಹಿಡಿಕೆ ಮಾಡಿದ್ದಳು. ಬೆರಳಿನ ಒತ್ತಡ ಬೀಳುವ ಕಡೆ ಬಿಟ್ಟು ಅದು ಹಿಂಬದಿಯಲ್ಲಿ ಬಿರುಕು ಬಿಟ್ಟಿತ್ತು. ಇದು ಸುತ್ತಿಗೆಯ ಕೆಲಸವೇ ಎಂದು ಅಕ್ಕ ಪ್ರೊಫೆಸರ್‌ಗೆ ಹೇಳಿದರು. ಅವರು ಅಂಕ ತಡೆಹಿಡಿದರು. ಫೇಲಾದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು.

ಹುಡುಗಿ ವಾದ ಮಾಡಲಿಲ್ಲ. ಮರುದಿನ ಅಜ್ಜಿಯನ್ನೇ ಲ್ಯಾಬಿಗೆ ಕರೆತಂದಳು. ಅಲ್ಲಿನ ನಲ್ಲಿಗೆ ಅಂಥದೇ ಇನ್ನೊಂದು ಹಿಡಿಕೆ ಸಿಕ್ಕಿಸಿದರು. ಅಜ್ಜಿ ಬೆರಳು ತಾಗಿಸಲೇ ಇಲ್ಲ. ಹಿಂದಿನಿಂದ ಮೊಣಕೈಯಲ್ಲಿ ಗುದ್ದಿದರು. ಹಿಂಬದಿಯೇ ಬಿರುಕು ಬಿಟ್ಟಿತು.

"ಬೆರಳು ನೋಯುತ್ತೆ ಅಂತ ತಾನೆ ಮಾಡ್ಸಿದ್ದು," ಅಂದರು ಅಜ್ಜಿ. "ಮತ್ತೆ ಬೆರಳಲ್ಲೇ ತಿರುಗ್ಸು ಅಂದ್ರೆ ಹೇಗಮ್ಮ?"

ಇದು ಹುಡುಗಿಗೂ ಹೊಳೆದಿರಲಿಲ್ಲ, ಅಕ್ಕನಿಗೂ ಹೊಳೆದಿರಲಿಲ್ಲ. ಅಕ್ಕ ಎಲ್ಲರೆದುರೇ ತಪ್ಪು ತನ್ನದೆಂದರು. ಅಂಕ ವಾಪಸ್ ಬಂತು, ಹಿಡಿಕೆಯ ಡಿಸೈನೂ ಬದಲಾಗುತ್ತಿದೆ.

ನಿಮಗೇನು ಆಸೆ ಎಂದು ಅಕ್ಕನನ್ನು ಕೇಳುತ್ತೇನೆ. ಹೊಸ ಯಂತ್ರ ಬೇಕೆನ್ನುತ್ತಾರೆ ಎಂದುಕೊಂಡಿದ್ದೆ.

"ಮೊದ್ಲೆಲ್ಲಾ ಆ ಹುಡುಗಿ ಏನು ಮುರಿದ್ರೂ ಓಡಿ ಬಂದು ನನ್ನ ಕೈಗೇ ಕೊಡ್ತಿದ್ಲು," ಎನ್ನುತ್ತಾರೆ. "ಈಗ ಮೇಜಿನ ಮೇಲಿಟ್ಟು ಹೋಗ್ತಾಳೆ. ಮುಂದಿನ ಸಲ ಕೈಗೆ ಕೊಟ್ರೆ ಸಾಕು."