ಅಕ್ಕ ಬಿಟ್ಟ ಅಳತೆಯ ದಿಣ್ಣೆಗಳು

ಗುದ್ದಲಿ ಹಿಡಿದು ಹಿಡಿದು ನಮ್ಮಕ್ಕನ ಅಂಗೈ ಎತ್ತಿನ ಗೊರಸಿನ ಹಾಗೆ ಒರಟಾಗಿತ್ತು. ಆ ಕೈಯವಳನ್ನು ಊರು ಮೋಸಗಾತಿ ಅಂದಾಗ, ಅಲ್ಲವೆಂದು ಹೇಳಬಲ್ಲವನು ನಾನೊಬ್ಬನೇ. ಹೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಗೌನಿಪಲ್ಲಿ ಕಡೆಯ ಇಳಿಜಾರು ಹೊಲಗಳಿಗೆ ಸರ್ಕಾರ ಬದು ಹಾಕಿಸುತ್ತಿತ್ತು. ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು. ಉಳಿದದ್ದನ್ನು ಹೊಲದವರ ಮೇಲೆ ಸಾಲವೆಂದು ಬರೆದು ಕಂದಾಯದ ಜೊತೆ ವಸೂಲಿ ಮಾಡುತ್ತಿದ್ದರು. ಅಕ್ಕ ಹೆಂಗಸರ ಗುಂಪು ಕಟ್ಟಿಕೊಂಡು ಬದುವಿಗೆ ಮಣ್ಣು ಅಗೆಯುತ್ತಿದ್ದಳು. ಅಗೆದ ಗುಂಡಿಯ ನಡುವೆ, ಮೇಲಿನ ಹುಲ್ಲಿನ ಸಮೇತ, ಒಂದು ದಿಣ್ಣೆಯನ್ನು ಮುಟ್ಟದೆ ಬಿಡಬೇಕು. ಅದರ ಎತ್ತರ ಅಳೆದರೇ ಎಷ್ಟು ಆಳ ತೆಗೆದಿದ್ದಾರೆಂದು ಗೊತ್ತಾಗುವುದು, ಅಕ್ಕನ ಹೆಸರಿಗೆ ಬಿಲ್ಲು ಆಗಿ ಎಲ್ಲರ ಕೂಲಿ ಬರುವುದು. “ಅದರ ಮೇಲೆ ಕೂತ್ಕೋಬೇಡ್ರೇ, ನಮ್ಮ ಕೂಲಿ ಸವೆದೋಗ್ತದೆ,” ಎಂದು ಅಕ್ಕ ಎಲ್ಲರನ್ನೂ ನಗಿಸುತ್ತಿದ್ದಳು.

ಆ ಸಲ ಅಕ್ಕನ ಗುಂಪು ಅಗೆದ ಹೊಲದ ಯಜಮಾನರ ಮನೆಯಲ್ಲೇ ನಾನು ಆಳಾಗಿದ್ದೆ. ಅಳತೆ ಮಾಡುವ ಸರ್ಕಾರಿ ಓವರ್ಸಿಯರ್ ಬರುವ ಹಿಂದಿನ ಸಂಜೆ ಯಜಮಾನರು, “ಏನ್ಲಾ, ಆ ದಿಣ್ಣೆಗಳು ಉಳೋಕೆ ಅಡ್ಡ. ಕಡಿದು ಸಮ ಮಾಡು. ಅಳತೆ ಆಗೋಯ್ತು,” ಅಂದರು. ಆಗಿಲ್ಲವೇನೋ ಎಂಬ ಅನುಮಾನ ನನಗಿತ್ತು. ಆದರೂ ಕಡಿದೆ. ಅಳತೆ ಇಲ್ಲದಿದ್ದರೆ ಅವರ ಹೊಲದ ಮೇಲೆ ಸಾಲ ಬರೆಯುವುದಿಲ್ಲವೆಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ಓವರ್ಸಿಯರ್ ಗುಂಡಿಗೆ ಇಳಿದರು. “ಏನಮ್ಮ, ಆಳ ಹೆಚ್ಚು ತೋರ್ಸೋಕೆ ದಿಣ್ಣೆ ಮೇಲೆ ಮಣ್ಣು ಏರಿಸಿದ್ರಾ? ಸಿಕ್ಕಿಬೀಳ್ತೀವಿ ಅಂತ ಕಡಿದುಬಿಟ್ರಾ?”

“ಇಲ್ಲ ಸ್ವಾಮಿ, ನಿನ್ನೆ ಇತ್ತು. ಬದು ಇದೆಯಲ್ಲ, ಅದನ್ನ ಅಳೀರಿ,” ಅಂದಳು ಅಕ್ಕ.

“ಅದರಲ್ಲಿ ಹಳೇ ಬದು ಎಷ್ಟು, ಹೊಸದು ಎಷ್ಟು? ನಾನೇನಂತ ಬರೀಲಿ?”

ಅಕ್ಕ ನನ್ನ ಕಡೆ ತಿರುಗಿದಳು. “ಸಂಜೆ ನೀನು ಇಲ್ಲೇ ಇದ್ದೆಯಲ್ಲೋ. ಯಾರಾದ್ರೂ ಬಂದಿದ್ರಾ?”

ಯಜಮಾನರು ಪಕ್ಕದಲ್ಲೇ ನಿಂತಿದ್ದರು. “ನಾನು ನೋಡ್ಲಿಲ್ಲ,” ಅಂದೆ.

ಬಿಲ್ಲು ಆಗಲಿಲ್ಲ. ಹೆಂಗಸರಿಗೆ ಕೂಲಿ ಬರಲಿಲ್ಲ. ಅಕ್ಕನೇ ಒಳಗೊಳಗೆ ಬಿಲ್ಲು ಮಾಡಿಸಿಕೊಂಡು ಕೂಲಿ ತಿಂದಳೆಂದು ಊರು ಆಡಿಕೊಂಡಿತು. ಅವಳು ಕರೆದರೆ ಆಮೇಲೆ ಯಾರೂ ಬರಲಿಲ್ಲ. ಒಬ್ಬಳೇ ಮಾಲೂರಿನ ಕಡೆ ಇಟ್ಟಿಗೆ ಗೂಡಿಗೆ ಹೋದಳು. ಕೆಲವು ವರ್ಷಕ್ಕೆ ಕೆಮ್ಮು ಹಚ್ಚಿಕೊಂಡು ನನ್ನ ಮನೆಗೆ ಬಂದಳು. ಅಷ್ಟು ಸೊರಗಿದ್ದರೂ ನನ್ನ ತಟ್ಟೆಗೆ ಮುದ್ದೆ ಹಾಕಿಯೇ ತಾನು ಉಣ್ಣುತ್ತಿದ್ದಳು. ಆ ಹೊಲದ ಮಾತನ್ನು ಎತ್ತಲೇ ಇಲ್ಲ. ಹಾಗೇ ತೀರಿಕೊಂಡಳು.

ಹೆಣವನ್ನು ಬಾಗಿಲ ಮುಂದೆ ಮಲಗಿಸಿದ್ದಾಗ ಅವಳ ಗುಂಪಿನ ಮುದುಕಿಯೊಬ್ಬಳು ಬಂದು ದೂರದಲ್ಲೇ ನಿಂತಳು. “ನಮ್ಮ ಕೂಲಿ ತಿಂದೋಳು. ಆದ್ರೂ ಮುಖ ನೋಡಾನ ಅಂತ ಬಂದೆ.”

“ಅವಳು ತಿನ್ಲಿಲ್ಲ ಅಜ್ಜಿ,” ಅಂದೆ. ಬೀದಿಯಲ್ಲಿದ್ದವರೆಲ್ಲ ತಿರುಗಿದರು. “ದಿಣ್ಣೆ ಕಡಿದೋನು ನಾನು. ನಿಮ್ಗೆಲ್ಲ ಮೋಸ ಮಾಡಿದೋನು ನಾನು.” ಆಮೇಲೆ ಅಕ್ಕನ ಕಾಲ ಹತ್ತಿರ ಕೂತೆ. “ತಪ್ಪಾಯ್ತು ಕಣಕ್ಕ.”